ಸೋಮವಾರ ಯಾರದ್ದು?

ಟಿವಿಯಲ್ಲಿ ಖಾಲಿ ಹೊಡೆಯುತ್ತಿದ್ದ ಆ ಸ್ಟೇಡಿಯಂನಲ್ಲಿ ಅವತ್ತು ರಾತ್ರಿ ನಾನೂ ಇದ್ದೆ. ಅದು ಖಾಲಿ ಇರಲಿಲ್ಲ. ಚಹಾದ ಕಿಟಕಿಯ ಮುಂದಿನ ಸಾಲು ಕರಗುವಷ್ಟರಲ್ಲಿ ಒಂದು ಹೀಟ್, ಅಂದರೆ ಪಂದ್ಯದ ಒಂದು ಬಿಡಿ ಓಟ, ಮುಗಿದೇ ಹೋಗಿತ್ತು, ವಾಪಸ್ ಬಂದರೆ ನಾನು ನಿಂತಿದ್ದ ಜಾಗದಲ್ಲಿ ಒಂದಿಡೀ ಸಂಸಾರ ಮಡಚುವ ಕುರ್ಚಿ ಬಿಚ್ಚಿಕೊಂಡು ಕೂತಿತ್ತು. ಮರುದಿನ ರೆಕಾರ್ಡ್ ಮಾಡಿಟ್ಟಿದ್ದನ್ನು ಹಾಕಿ ನೋಡಿದರೆ ಪರದೆಯ ತುಂಬ ಬೋಳು ಮೆಟ್ಟಿಲುಗಳು, ಅಲ್ಲೊಬ್ಬರು ಇಲ್ಲೊಬ್ಬರು. ಇದರ ಹಿಂದೆ ದೊಡ್ಡ ಗುಟ್ಟೇನೂ ಇಲ್ಲ. ಸ್ಪೀಡ್‌ವೇ ಎಂಬ ಈ ಬೈಕ್ ಓಟ ನೋಡಲು ಬಂದವರು ಸ್ಟಾರ್ಟ್ ಗೆರೆ ಇರುವ ಕಡೆಗೇ, ಗ್ರ್ಯಾಂಡ್‌ಸ್ಟ್ಯಾಂಡಿನ ಬದಿಗೇ ಒತ್ತಿಕೊಂಡು ನಿಲ್ಲುತ್ತಾರೆ. ಮುಖ್ಯ ಕ್ಯಾಮೆರಾ ಇಡುವುದೂ ಅದೇ ಸ್ಟ್ಯಾಂಡಿನ ಮೇಲೆ. ಜನ ಇರುವುದು ಕ್ಯಾಮೆರಾದ ಕೆಳಗೆ, ಕ್ಯಾಮೆರಾ ನೋಡುವುದು ಎದುರು ದಂಡೆಯನ್ನು. ಆಫೀಸಿನಲ್ಲಿ ಒಬ್ಬ ಕೇಳಿಯೂ ಬಿಟ್ಟ: "ನಿನ್ನ ಸ್ಪೀಡ್‌ವೇನ ನಿನ್ನೆ ಐದು ನಿಮಿಷ ನೋಡಿದೆ. ಯಾರೂ ಬರಲ್ವಾ ಅದಕ್ಕೆ?"

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಟಿವಿ ಬಂದಿದ್ದರಿಂದ ಬ್ರಿಟನ್ನಿನ ಸ್ಪೀಡ್‌ವೇಗೆ ಒಳ್ಳೆಯದಾಯಿತೋ ಕೆಟ್ಟದಾಯಿತೋ ಎಂಬ ಜಗಳ ಇಲ್ಲಿ ಯಾವ ಟ್ರ್ಯಾಕಿನ ಬೇಲಿಗೆ ಒರಗಿ ನಿಂತರೂ ಕಿವಿಗೆ ಬೀಳುತ್ತದೆ. ಒಬ್ಬರ ಪ್ರಕಾರ ಟಿವಿ ಇಲ್ಲದಿದ್ದರೆ ಈ ಆಟ ಯಾವಾಗಲೋ ಮುಚ್ಚಿಹೋಗುತ್ತಿತ್ತು. ಇನ್ನೊಬ್ಬರ ಪ್ರಕಾರ ಮುಚ್ಚಿದ್ದೇ ಟಿವಿ. ವುಲ್ವರ್‌ಹ್ಯಾಂಪ್ಟನ್ ಹತ್ತಿರ ನೆಲೆ ನಿಂತ ಮೇಲೆ ಈ ಆಟದ ರುಚಿ ಹತ್ತಿಸಿಕೊಂಡವನು ನಾನು. ಎರಡೂ ಕಡೆಯವರ ಜೊತೆ ಚಹಾ ಕುಡಿದಿದ್ದೇನೆ. ಟಿವಿ ಹಾನಿ ಮಾಡಿದೆ ಅನ್ನುವುದನ್ನು ನಾನೂ ಒಪ್ಪುತ್ತೇನೆ, ಆದರೆ ಎಲ್ಲರೂ ಬೆರಳು ತೋರಿಸುವ ಜಾಗದಲ್ಲಿ ಅಲ್ಲ.

ಹರಳೆಣ್ಣೆಯ ವಾಸನೆ

ಆಟವನ್ನೇ ನೋಡದವರಿಗೆ ಒಂದಿಷ್ಟು. ಮುನ್ನೂರು ಮೀಟರಿನ ಆಸುಪಾಸಿನ ಮೊಟ್ಟೆಯಾಕಾರದ ಪುಡಿಗಲ್ಲಿನ ಟ್ರ್ಯಾಕ್, ನಾಲ್ಕು ಸವಾರರು, ನಾಲ್ಕು ಸುತ್ತು, ಎಲ್ಲವೂ ಎಡಕ್ಕೆ. 500 ಸಿಸಿ ಒಂಟಿ ಸಿಲಿಂಡರಿನ ಬೈಕು, ಒಂದೇ ಗೇರ್, ಬ್ರೇಕ್ ಇಲ್ಲ. ಇಂಧನ ಮೆಥನಾಲ್. ತಿರುವಿನಲ್ಲಿ ಹಿಂದಿನ ಚಕ್ರವನ್ನು ಬೇಕೆಂದೇ ಜಾರಿಸಿ, ಉಕ್ಕಿನ ಅಟ್ಟೆ ಹಾಕಿದ ಎಡಗಾಲನ್ನು ನೆಲಕ್ಕೆ ಊರಿ, ಬೈಕನ್ನು ಅಡ್ಡಡ್ಡಲಾಗಿ ತಳ್ಳಿಕೊಂಡು ಹೋಗುತ್ತಾರೆ. ಒಂದು ಹೀಟ್ ಮುಗಿಯಲು ಒಂದು ನಿಮಿಷ, ಹೆಚ್ಚೆಂದರೆ ಇನ್ನೊಂದಿಷ್ಟು ಸೆಕೆಂಡು. ಗೆದ್ದವನಿಗೆ ಮೂರು ಅಂಕ, ಎರಡನೆಯವನಿಗೆ ಎರಡು, ಮೂರನೆಯವನಿಗೆ ಒಂದು. ತಂಡಕ್ಕೆ ಏಳು ಜನ, ಪಂದ್ಯಕ್ಕೆ ಹದಿನೈದು ಹೀಟ್. ಲೆಕ್ಕ ಹಾಕಿ ನೋಡಿ: ಎರಡು ಗಂಟೆಯ ಸಂಜೆಯಲ್ಲಿ ಬೈಕು ಓಡುವುದು ಹದಿನೈದು ಹದಿನಾರು ನಿಮಿಷ. ಉಳಿದದ್ದೆಲ್ಲ ಕಾಯುವುದು.

ಟ್ರ್ಯಾಕಿನಲ್ಲಿ ಆ ಕಾಯುವಿಕೆಗೂ ಒಂದು ಬದುಕಿದೆ. ಟ್ರ್ಯಾಕ್ಟರ್ ಬಂದು ಮಣ್ಣು ಕೆರೆದು ಸಮ ಮಾಡುತ್ತದೆ. ಜನ ತೊಡೆಯ ಮೇಲಿನ ರಟ್ಟಿನಲ್ಲಿ ಪ್ರೋಗ್ರಾಂ ಪುಸ್ತಿಕೆ ಇಟ್ಟುಕೊಂಡು ಅಂಕ ತುಂಬುತ್ತಾರೆ, ಮುಂದಿನ ಹೀಟಿಗೆ ಯಾರನ್ನು ಬದಲಿಸಬಹುದೆಂದು ಪಕ್ಕದವರೊಡನೆ ವಾದಿಸುತ್ತಾರೆ. ಗಾಳಿಯಲ್ಲಿ ಸುಟ್ಟ ಹರಳೆಣ್ಣೆಯ ವಾಸನೆ. ಎಂಜಿನ್ನಿಗೆ ಹರಳೆಣ್ಣೆ ಮೂಲದ ಆಯಿಲ್ ಹಾಕುವುದು ಇಲ್ಲಿನ ಹಳೆಯ ರೂಢಿ. ಪ್ರತಿ ಭಾನುವಾರ ನೆತ್ತಿಗೆ ಹರಳೆಣ್ಣೆ ಬಡಿಸಿಕೊಂಡು ಬೆಳೆದ ದಾವಣಗೆರೆಯ ನನಗೆ ಮೊದಲ ದಿನವೇ ಈ ಜಾಗ ಪರಿಚಯದ್ದು ಅನ್ನಿಸಿದ್ದರೆ ಅದಕ್ಕೆ ಕಾರಣ ಆಟವಲ್ಲ, ಆ ಎಣ್ಣೆ. ಇದ್ಯಾವುದೂ ಪರದೆಯೊಳಗೆ ಬರುವುದಿಲ್ಲ. ಟಿವಿ ಆ ಕಾಯುವ ಹೊತ್ತನ್ನು ತನ್ನದೇ ಸರಕಿನಿಂದ ತುಂಬುತ್ತದೆ: ನಿಧಾನಗತಿಯ ಮರುಪ್ರಸಾರ, ಬೈಕು ಸಿದ್ಧಮಾಡುವ ಪಿಟ್‌ನಲ್ಲಿ ಮೈಕು ಹಿಡಿದು ಸಂದರ್ಶನ, ಜಾಹೀರಾತು.

ಎರಡು ಸಲ ಕಟಕಟೆಗೆ

ಟಿವಿ ಎಂಬ ಈ ಆರೋಪಿಯನ್ನು ಕಟಕಟೆಗೆ ತಂದದ್ದು ಇದೇ ಮೊದಲಲ್ಲ. 1928ರ ಫೆಬ್ರವರಿ 19ರಂದು ಲಂಡನ್ನಿನ ಅಂಚಿನ ಎಪ್ಪಿಂಗ್ ಕಾಡಿನ ಹೈ ಬೀಚ್‌ನಲ್ಲಿ ನಡೆದ ರೇಸನ್ನೇ ಬ್ರಿಟನ್ನಿನ ಸ್ಪೀಡ್‌ವೇಯ ಹುಟ್ಟು ಎಂದು ಸಾಮಾನ್ಯವಾಗಿ ಎಣಿಸುತ್ತಾರೆ. ಸಂಘಟಕರ ಅಂದಾಜನ್ನೆಲ್ಲ ಮೀರಿ ಜನ ನುಗ್ಗಿದ್ದರು. ಎರಡನೇ ಮಹಾಯುದ್ಧ ಮುಗಿದ ಮೇಲಿನ ಕೆಲವು ವರ್ಷ ಇದು ಇಲ್ಲಿನ ಅತಿ ದೊಡ್ಡ ಆಟಗಳಲ್ಲೊಂದು. ವೆಂಬ್ಲಿ ಲಯನ್ಸ್ ತಂಡದ ಮಾಮೂಲಿ ಲೀಗ್ ಪಂದ್ಯಕ್ಕೂ ಹತ್ತಾರು ಸಾವಿರ ಜನ. ಐವತ್ತರ ದಶಕದಲ್ಲಿ ಅದು ಕುಸಿಯಿತು. 1953ರಲ್ಲಿ ರಾಣಿಯ ಪಟ್ಟಾಭಿಷೇಕ ನೋಡಲೆಂದು ಮನೆಮನೆಗೆ ಟಿವಿ ಬಂತು, ಬಂದದ್ದು ವಾಪಸ್ ಹೋಗಲಿಲ್ಲ. ಟಿಕೆಟ್ಟಿನ ಮೇಲಿನ ಮನರಂಜನಾ ತೆರಿಗೆ ಒಂದು ಕಡೆ, ಸೂಯೆಜ್ ಬಿಕ್ಕಟ್ಟಿನ ಪೆಟ್ರೋಲ್ ಅಭಾವ ಇನ್ನೊಂದು ಕಡೆ. 1957ರಲ್ಲಿ ವೆಂಬ್ಲಿಯ ಒಡೆಯ ಸರ್ ಆರ್ಥರ್ ಎಲ್ವಿನ್ ತೀರಿಕೊಂಡರು, ಲಯನ್ಸ್ ಬಾಗಿಲು ಹಾಕಿತು. ಇಷ್ಟೆಲ್ಲ ಕಾರಣಗಳಿದ್ದರೂ ಹಳಬರ ಬಾಯಲ್ಲಿ ಉಳಿದದ್ದು ಒಂದೇ: "ಟಿವಿ ತಿಂದು ಹಾಕಿತು."

ಆ ಟಿವಿ ಸ್ಪೀಡ್‌ವೇಯನ್ನು ತೋರಿಸುತ್ತಲೇ ಇರಲಿಲ್ಲ ಅನ್ನಬಹುದು. ಅದು ಪ್ರತಿಸ್ಪರ್ಧಿ, ಮನೆಯಲ್ಲೇ ಕೂರಿಸುವ ಬೇರೊಂದು ಮನರಂಜನೆ. ಆಮೇಲೆ ಐಟಿವಿಯ ಶನಿವಾರದ 'ವರ್ಲ್ಡ್ ಆಫ್ ಸ್ಪೋರ್ಟ್' ಬಂತು, 1965ರಿಂದ 1985ರವರೆಗೆ. ಕುಸ್ತಿ, ಕುದುರೆ ಓಟದ ನಡುವೆ ಅಷ್ಟಿಷ್ಟು ಸ್ಪೀಡ್‌ವೇ. ನಮ್ಮ ಟ್ರ್ಯಾಕಿನ ಅರ್ಧಕ್ಕರ್ಧ ಹಳಬರು ಈ ಆಟವನ್ನು ಮೊದಲು ಕಂಡದ್ದು ಅಲ್ಲೇ. 1981ರಲ್ಲಿ ವೆಂಬ್ಲಿಯಲ್ಲಿ ಅಮೆರಿಕದ ಬ್ರೂಸ್ ಪೆನ್‌ಹಾಲ್ ಗೆದ್ದ ವಿಶ್ವ ಫೈನಲ್ಲಿಗೆ ತೊಂಬತ್ತು ಸಾವಿರ ದಾಟಿದ ಜನ. ಅದೇ ವೆಂಬ್ಲಿಯ ಕೊನೆಯ ಫೈನಲ್. ಉಚಿತ ಚಾನೆಲ್ಲಿನಲ್ಲಿ ಚೂರುಚೂರು ತೋರಿಸುತ್ತಿದ್ದ ಆ ಕಾಲವನ್ನು ಯಾರೂ ಬೈಯುವುದನ್ನು ನಾನು ಕೇಳಿಲ್ಲ. ರುಚಿ ತೋರಿಸಿ, ಊಟಕ್ಕೆ ಟ್ರ್ಯಾಕಿಗೇ ಬಾ ಎನ್ನುತ್ತಿತ್ತು ಅದು.

ಎರಡನೇ ಆರೋಪ ಬಂದದ್ದು ತೊಂಬತ್ತರ ದಶಕದ ಕೊನೆಗೆ, ಸ್ಕೈ ಸ್ಪೋರ್ಟ್ಸ್ ಚಾನೆಲ್ ಇಲ್ಲಿನ ಮೇಲಿನ ಲೀಗಾದ ಎಲೀಟ್ ಲೀಗನ್ನು ಇಡಿಯಾಗಿ, ನೇರವಾಗಿ ತೋರಿಸಲು ಶುರು ಮಾಡಿದ ಮೇಲೆ. ಈ ಸಲ ಟಿವಿ ಶತ್ರುವಾಗಿ ಅಲ್ಲ, ನೆಂಟನಾಗಿ ಮನೆಯೊಳಗೇ ಬಂತು. ದುಡ್ಡೂ ತಂತು.

ಊರಿಗೊಂದು ವಾರ

ಬ್ರಿಟನ್ನಿನ ಸ್ಪೀಡ್‌ವೇ ನಿಂತಿದ್ದದ್ದು ವಾರದ ಲೆಕ್ಕದ ಮೇಲೆ. ಪೂಲ್ ಎಂಬ ಊರಿನ ಕ್ಲಬ್ ಅಂದರೆ ಬುಧವಾರ. ಇಪ್ಸ್‌ವಿಚ್, ಶೆಫೀಲ್ಡ್ ಗುರುವಾರ. ಕವೆಂಟ್ರಿ ಶುಕ್ರವಾರ. ಈಸ್ಟ್‌ಬೋರ್ನ್ ಶನಿವಾರ. ನಮ್ಮ ವುಲ್ವರ್‌ಹ್ಯಾಂಪ್ಟನ್ ಸೋಮವಾರ. ಯಾವ ತಂಡ ಬರುತ್ತದೆ ಎಂದು ನೋಡಿಕೊಂಡು ಹೋಗುವವರು ಕಡಿಮೆ. ವಾರ ಬಂತು, ಹೊರಟರು. ಸಂತೆಗೆ ಹೋಗುವವನು ಇವತ್ತು ಸಂತೆಯಲ್ಲಿ ಏನು ವಿಶೇಷ ಎಂದು ಕೇಳುವುದಿಲ್ಲವಲ್ಲ, ಹಾಗೆ. ಫ್ಯಾಕ್ಟರಿಯ ಪಾಳಿ, ಮಕ್ಕಳ ಈಜು ಕ್ಲಾಸು, ಯಾರ ಕಾರಿನಲ್ಲಿ ಯಾರು ಎಂಬುದೆಲ್ಲ ಆ ಒಂದು ಸಂಜೆಯ ಸುತ್ತ ಹೊಂದಿಕೊಂಡಿರುತ್ತಿತ್ತು. ಒಬ್ಬನೇ ಸವಾರ ಭಾನುವಾರ ಪೋಲೆಂಡಿನಲ್ಲಿ, ಮಂಗಳವಾರ ಸ್ವೀಡನ್ನಿನಲ್ಲಿ, ನಡುವೆ ಇಂಗ್ಲೆಂಡಿನಲ್ಲಿ ಓಡುವುದು ಸಾಧ್ಯವಾಗಿದ್ದೂ ಹೀಗೆ ವಾರಗಳು ಹಂಚಿಹೋಗಿದ್ದರಿಂದಲೇ.

ಟಿವಿಗೆ ಬೇಕಾದದ್ದು ಒಂದು ವಾರ. ಸೋಮವಾರ ಫುಟ್‌ಬಾಲಿನ ಗಲಾಟೆ ಕಡಿಮೆ, ಚಾನೆಲ್ಲಿಗೆ ಜಾಗವಿದೆ. ಸರಿ, ಕ್ಯಾಮೆರಾ ಬರುವ ದಿನ ಬೇರೆ ವಾರದ ಕ್ಲಬ್ಬುಗಳೂ ಸೋಮವಾರಕ್ಕೆ ಬಂದವು. ಮಾಮೂಲಿ ಸಂಜೆ ತಪ್ಪಿದಾಗ ಕೆಲವರು ಬರಲಾಗದೆ ಉಳಿದರು, ಕೆಲವರು ಹೇಗೂ ಟಿವಿಯಲ್ಲಿದೆ ಎಂದು ಉಳಿದರು. ನಮ್ಮ ಕಥೆ ಇನ್ನೂ ವಿಚಿತ್ರ. ನಮ್ಮದು ಮೊದಲೇ ಸೋಮವಾರ. ಕ್ಯಾಮೆರಾ ಬೇರೆ ಊರಿಗೆ ಹೋದ ಸೋಮವಾರಗಳಲ್ಲಿ ನಮ್ಮ ಪಂದ್ಯಕ್ಕೆ ಎದುರಾಗಿ ಅದೇ ಹೊತ್ತಿಗೆ ಟಿವಿಯಲ್ಲಿ ಇನ್ನೊಂದು ಸ್ಪೀಡ್‌ವೇ. ಮೋಡ ಮುಸುಕಿದ ಸಂಜೆ, ಮಳೆ ಬಂದರೆ ಪಂದ್ಯ ರದ್ದಾಗುವ ಭಯ ಬೇರೆ. ಸೋಫಾ ಯಾವ ಕಡೆ ಎಳೆಯುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಫುಟ್‌ಬಾಲಿನವರು ಇದನ್ನು ಎಷ್ಟು ಮೊದಲೇ ಅರಿತಿದ್ದರು ಎಂದು ಬೆರಗಾಗುತ್ತದೆ. ಅರವತ್ತರ ದಶಕದಲ್ಲೇ ಬರ್ನ್‌ಲಿ ಕ್ಲಬ್ಬಿನ ಅಧ್ಯಕ್ಷ ಬಾಬ್ ಲಾರ್ಡ್, ಶನಿವಾರ ಮಧ್ಯಾಹ್ನದ ನೇರ ಪ್ರಸಾರ ಸಣ್ಣ ಕ್ಲಬ್ಬುಗಳ ಗೇಟಿನ ಟಿಕೆಟ್ ಗಳಿಕೆಯನ್ನು ಮುರಿಯುತ್ತದೆ ಎಂದು ಹಟ ಹಿಡಿದು ಉಳಿದವರನ್ನೂ ಒಪ್ಪಿಸಿದ. ಶನಿವಾರ ಮೂರು ಗಂಟೆಯ ಪಂದ್ಯಗಳನ್ನು ಇಂಗ್ಲೆಂಡಿನ ಟಿವಿಯಲ್ಲಿ ನೇರ ತೋರಿಸಬಾರದೆಂಬ ಕಟ್ಟು ಅಲ್ಲಿಂದ ಬಂದದ್ದು. ಜಗತ್ತಿನ ಅತಿ ಶ್ರೀಮಂತ ಲೀಗಿಗೇ ತನ್ನ ಹಳೆಯ ಹೊತ್ತನ್ನು ಕಾಯ್ದುಕೊಳ್ಳಬೇಕು ಅನ್ನಿಸಿದೆ. ಗೇಟಿನ ದುಡ್ಡಿನ ಮೇಲೇ ಉಸಿರಾಡುವ ಸ್ಪೀಡ್‌ವೇ ತನ್ನ ವಾರವನ್ನು ಬಿಟ್ಟುಕೊಟ್ಟಿತು. ಮುಂದೆ ಪ್ರಸಾರಕರು ಬದಲಾದರು. 2017ರಲ್ಲಿ ಎಲೀಟ್ ಲೀಗಿನ ಹೆಸರು ಪ್ರೀಮಿಯರ್‌ಶಿಪ್ ಎಂದಾಯಿತು, ಬಿಟಿ ಸ್ಪೋರ್ಟ್ ಬಂತು, ಆಮೇಲೆ ಯೂರೋಸ್ಪೋರ್ಟ್, ಟಿಎನ್‌ಟಿ. ವಿದೇಶಿ ಲೀಗುಗಳಿಗೆ ಹೊಂದಿಸಲು ಸೋಮವಾರ ಮತ್ತು ಗುರುವಾರ ಎಂದು ನಿಗದಿ ಮಾಡಿದ ಮೇಲಂತೂ ಊರಿಗೊಂದು ವಾರ ಎಂಬುದು ಮೇಲಿನ ಲೀಗಿನಲ್ಲಿ ಹೆಚ್ಚುಕಡಿಮೆ ಮುಗಿದ ಮಾತಾಯಿತು.

ಕ್ಯಾಮೆರಾ ಬಂದ ಒಂದು ಆಗಸ್ಟ್ ರಾತ್ರಿ ನೆನಪಾಗುತ್ತದೆ. ಮಿಡ್‌ಲ್ಯಾಂಡ್ಸ್‌ನ ಒಂದು ಟ್ರ್ಯಾಕು. ಪಂದ್ಯ ಸಮಸಮವಾಗಿ ನಡೆದಿತ್ತು, ಮುಂದಿನ ಹೀಟಿಗೆ ಜನ ತುದಿಗಾಲಲ್ಲಿ. ಸಾಮಾನ್ಯ ರಾತ್ರಿಗಳಲ್ಲಿ ಎರಡು ನಿಮಿಷದ ಗಡುವಿನ ಗಂಟೆ ಬಾರಿಸುತ್ತಾರೆ. ಅಷ್ಟರೊಳಗೆ ಸವಾರ ಸ್ಟಾರ್ಟ್ ಗೆರೆಯ ಟೇಪಿನ ಮುಂದೆ ಇರದಿದ್ದರೆ ಹೊರಗೆ. ಅವತ್ತು ಗಂಟೆಯೇ ಇಲ್ಲ. ನಡುವಿನ ಹುಲ್ಲಿನ ಮೇಲೆ ಹೆಡ್‌ಫೋನ್ ಹಾಕಿಕೊಂಡ ಹುಡುಗಿಯೊಬ್ಬಳು ಒಂದು ಕೈ ಎತ್ತಿ ನಿಂತಿದ್ದಾಳೆ. ನನ್ನ ಮುಂದಿದ್ದ ಪುಟ್ಟ ಹುಡುಗ ಅಪ್ಪನ ತೋಳು ಜಗ್ಗಿದ: "ಯಾಕೆ ಶುರು ಮಾಡ್ತಿಲ್ಲ?" ಅಪ್ಪ ಹೇಳಿದ: "ಜಾಹೀರಾತು ಮುಗೀಬೇಕು." ಹುಡುಗ ಸುತ್ತಲೂ ನೋಡಿ, "ಯಾವ ಜಾಹೀರಾತು?" ಅಂದ. ಬೇಲಿಗುಂಟ ನಿಂತವರೆಲ್ಲ ನಕ್ಕರು. ಗಂಟಲು ಒಣಗಿಸುವ ಧೂಳಿನಲ್ಲಿ, ದುಡ್ಡು ಕೊಟ್ಟು ಒಳಗೆ ಬಂದ ನಾವು, ನಮಗೆ ಕಾಣದ ಯಾವುದೋ ಕಾರ್ಪೆಟ್ ಅಂಗಡಿಯ ಜಾಹೀರಾತಿಗೆ ಕಾಯುತ್ತ ನಿಂತಿದ್ದೆವು. ಆ ಹುಡುಗಿ ಕೈ ಇಳಿಸಿದ ಮೇಲೇ ಬೈಕುಗಳು ಹೊರಬಂದವು. ಹದಿನೈದನೇ ಹೀಟ್ ಮುಗಿಯುವ ಮೊದಲೇ ಆ ಅಪ್ಪ ಮಗನನ್ನು ಹೆಗಲ ಮೇಲೆ ಹಾಕಿಕೊಂಡು ಹೊರಟಿದ್ದ. ಬೆಳಗಾದರೆ ಕೆಲಸದ ದಿನ.

ದುಡ್ಡು ಎಲ್ಲಿಗೆ ಹೋಯಿತು

ಮನೆಯಲ್ಲಿ ಕೂತು ನೋಡುವುದರಿಂದಲೇ ಆಟ ಸಾಯುತ್ತದೆ ಅನ್ನುವವರಿಗೆ ಪೋಲೆಂಡ್ ತೋರಿಸಬೇಕು. ಅಲ್ಲಿನ ಎಕ್ಸ್‌ಟ್ರಾಲೀಗಾ ಪಂದ್ಯಗಳು ನೇರ ಪ್ರಸಾರವಾಗುತ್ತವೆ, ಆದರೂ ಟೋರುನ್, ವ್ರೊಟ್ಸ್‌ವಾಫ್, ಲುಬ್ಲಿನ್‌ನ ಸ್ಟೇಡಿಯಂಗಳು ತುಂಬುತ್ತವೆ. ಅಲ್ಲಿ ಸ್ಟೇಡಿಯಂ ಬಹುಪಾಲು ಊರಿನ ಪೌರಸಭೆಯದ್ದು, ಊರಿನ ಹೆಮ್ಮೆ. ಇಲ್ಲಿ ಕ್ಲಬ್ಬುಗಳಲ್ಲಿ ಹೆಚ್ಚಿನವು ಬಾಡಿಗೆಯವು, ನಾಯಿ ಓಟದ ಸ್ಟೇಡಿಯಂಗಳ ಮೂಲೆಯಲ್ಲಿ ಬದುಕುವವು. ಜಾಗದ ಮಾಲೀಕನಿಗೆ ಮನೆ ಕಟ್ಟಿ ಮಾರುವ ಆಸೆ ಹುಟ್ಟಿದ ದಿನ ಕ್ಲಬ್ಬಿನ ಆಯಸ್ಸು ಮುಗಿಯಿತು. ಎಕ್ಸೆಟರ್, ವಿಂಬಲ್ಡನ್, ರೆಡಿಂಗ್, ರೈ ಹೌಸ್, ಸ್ವಿಂಡನ್, ಪೀಟರ್‌ಬರೋ: ಇದು ಪೂರ್ತಿ ಪಟ್ಟಿಯೂ ಅಲ್ಲ. ಕವೆಂಟ್ರಿಯ ಬ್ರ್ಯಾಂಡನ್ ಸ್ಟೇಡಿಯಂನಲ್ಲಿ 2016ರ ನಂತರ ಒಂದು ಬೈಕೂ ಓಡಿಲ್ಲ.

ಟಿವಿಯ ದುಡ್ಡು ಬಂದ ವರ್ಷಗಳಲ್ಲಿ ಅದರಲ್ಲಿ ಒಂದು ಪಾಲನ್ನಾದರೂ ನೆಲಕ್ಕೆ ಹಾಕಬಹುದಿತ್ತಲ್ಲ ಎಂಬುದು ನನ್ನ ತಕರಾರು. ಹೋದದ್ದು ಬಹುಪಾಲು ಸವಾರರ ಸಂಬಳದ ಪೈಪೋಟಿಗೆ. ಆಗ ಟೋನಿ ರಿಕಾರ್ಡ್‌ಸನ್, ಜೇಸನ್ ಕ್ರಂಪ್‌ರಂಥ ವಿಶ್ವ ಚಾಂಪಿಯನ್ನರು ಇಲ್ಲಿನ ಲೀಗಿನಲ್ಲಿ ವಾರವಾರ ಓಡುತ್ತಿದ್ದರು, ಪರದೆಗೂ ಅವರೇ ಬೇಕು. ಪೋಲೆಂಡಿನ ಥೈಲಿ ದೊಡ್ಡದಾಗುತ್ತ ಹೋದಂತೆ ಅವರಂಥವರು ಇಲ್ಲಿಗೆ ಬರುವುದೂ ಕಡಿಮೆಯಾಯಿತು. 2019ರಿಂದೀಚೆಗೆ ಮತ್ತೆ ಮತ್ತೆ ವಿಶ್ವ ಚಾಂಪಿಯನ್ ಆಗುತ್ತಿರುವ ಬಾರ್ತೋಷ್ ಝ್ಮಾರ್ಜ್ಲಿಕ್ ಬ್ರಿಟಿಷ್ ಲೀಗಿನ ಖಾಯಂ ಸವಾರನಲ್ಲ. ಸಂಬಳಕ್ಕೆ ಸುರಿದದ್ದು ಸಂಬಳದ ಜೊತೆಗೇ ಹೋಯಿತು. ಆ ಕಾಲದ್ದೆಂದು ಉಳಿದ ಇಟ್ಟಿಗೆ ಎಲ್ಲಿದೆ ಎಂದು ಹುಡುಕಬೇಕು. 2016ರಲ್ಲಿ ಮ್ಯಾಂಚೆಸ್ಟರಿನಲ್ಲಿ ಬೆಲ್ ವ್ಯೂ ತಂಡಕ್ಕೆಂದು ತೆರೆದ ನ್ಯಾಷನಲ್ ಸ್ಪೀಡ್‌ವೇ ಸ್ಟೇಡಿಯಂ ಎದ್ದದ್ದೂ ನಗರಸಭೆಯ ಬೆಂಬಲದಿಂದ, ಪೋಲೆಂಡಿನ ದಾರಿಯಲ್ಲಿ.

ನಿಯಮಗಳನ್ನೂ ಪರದೆಗಾಗಿ ತಿರುಚಿದರು ಎಂಬ ದೂರಿನ ಬಗ್ಗೆ ನನಗೆ ಅಷ್ಟು ಸಿಟ್ಟಿಲ್ಲ. ಹಿಂದೆ ಬಿದ್ದ ತಂಡದ ಸವಾರ ಕಪ್ಪು-ಬಿಳಿ ಹೆಲ್ಮೆಟ್ ಕವರ್ ಹಾಕಿ ಓಡಿದರೆ ಅವನ ಅಂಕ ದುಪ್ಪಟ್ಟಾಗುವ ನಿಯಮವೊಂದಿತ್ತು, ಹಳಬರು ಅದನ್ನು ಟಿವಿಯವರ ತಮಾಷೆ ಎಂದು ಉಗಿಯುತ್ತಿದ್ದರು. ಪ್ರೊ ಕಬಡ್ಡಿಗೆ 'ಡು ಆರ್ ಡೈ' ರೇಡ್ ತಂದಾಗ ನಮ್ಮ ಕಡೆಯ ಹಳೆಯ ಆಟಗಾರರು ಗೊಣಗಿದ್ದೂ ಇದೇ ರಾಗದಲ್ಲಿ. ಆದರೆ ಕಬಡ್ಡಿ ಲೀಗು ಮೊದಲಿನಿಂದಲೂ ಟಿವಿಗೆಂದೇ ಕಟ್ಟಿದ್ದು, ಗೇಟಿನ ಹಣವನ್ನು ನಂಬಿದ್ದಲ್ಲ. ಸ್ಪೀಡ್‌ವೇ ಒಂದು ಕಾಲು ಗೇಟಿನಲ್ಲಿ ಇಟ್ಟುಕೊಂಡೇ ಇನ್ನೊಂದನ್ನು ಪರದೆಗೆ ಚಾಚಿತು. ಅದೂ ಗಾಯಗೊಂಡ ಸವಾರನ ಬದಲು ಎದುರಾಳಿ ಕ್ಲಬ್ಬಿನವನನ್ನೇ ಒಂದು ರಾತ್ರಿಗೆ 'ಗೆಸ್ಟ್' ಎಂದು ಕರೆತರುವ ಪದ್ಧತಿ ಇರುವ ಆಟ. ಕಳೆದ ವಾರ ಪೂಲ್‌ಗೆ ಓಡಿದವನು ಈ ವಾರ ಇನ್ನೊಂದು ಜೆರ್ಸಿಯಲ್ಲಿ! ಬೇಲಿಯ ಬಳಿ ನಿಂತವರಿಗೆ ಇದು ಸಹಜ. ಹೊಸದಾಗಿ ಟಿವಿ ಹಾಕಿದವನಿಗೆ ಇದನ್ನು ವಿವರಿಸುವಷ್ಟರಲ್ಲಿ ಅವನು ಚಾನೆಲ್ ಬದಲಿಸಿರುತ್ತಾನೆ.

ಮಂಡಿ ನೋವಿನ ಬೇಸಿಗೆ

ಇಷ್ಟು ಬೈದ ಮೇಲೆ ಪಕ್ಕದ ಮನೆಯ ಅಜ್ಜನ ಕಥೆ ಹೇಳದಿದ್ದರೆ ಅನ್ಯಾಯ. ನನ್ನನ್ನು ಮೊದಲು ಟ್ರ್ಯಾಕಿಗೆ ಕರೆದುಕೊಂಡು ಹೋದವರೇ ಅವರು. ಒಂದು ಬೇಸಿಗೆ ಅವರಿಗೆ ಮಂಡಿಯ ಆಪರೇಷನ್ ಆಯಿತು, ಮೆಟ್ಟಿಲು ಹತ್ತುವಂತಿಲ್ಲ. ಸೋಮವಾರ ನಾನೇ ಅವರ ಮನೆಗೆ ಹೋಗಿ ಕೂರುತ್ತಿದ್ದೆ. ಟಿವಿ ಪಂದ್ಯಕ್ಕೂ ಅವರಿಗೆ ಪ್ರೋಗ್ರಾಂ ಬೇಕು. ಬಿಳಿ ಹಾಳೆಯ ಮೇಲೆ ಸ್ಕೇಲ್ ಇಟ್ಟು ತಾವೇ ಗೆರೆ ಎಳೆದು, ಹದಿನೈದು ಹೀಟಿನ ಚೌಕಗಳನ್ನು ಮಾಡಿಟ್ಟುಕೊಂಡಿರುತ್ತಿದ್ದರು. ಓಟ ನಡೆಯುವಾಗ ಮಾತಾಡಿದರೆ ಕೈ ಎತ್ತಿ ತಡೆಯುತ್ತಿದ್ದರು. ಜಾಹೀರಾತು ಬಂದಾಗ ಮಾತ್ರ ಗೊಣಗು.

ಒಂದು ಹೀಟಿನಲ್ಲಿ ಮೂರನೆಯವನಾಗಿದ್ದ ಸವಾರ ಬೇಲಿಯ ಪಕ್ಕದ ದಪ್ಪ ಮಣ್ಣು ಹಿಡಿದು ಹೊರಗಿನಿಂದ ಇಬ್ಬರನ್ನೂ ದಾಟಿದ. ಮರುಪ್ರಸಾರದಲ್ಲಿ ಅದು ನಿಧಾನವಾಗಿ ಬಂತು: ತಿರುವಿಗೆ ಇನ್ನೂ ದೂರವಿರುವಾಗಲೇ ಅವನ ಭುಜ ವಾಲಿದ್ದು, ಎಡಗಾಲು ನೆಲಕ್ಕೆ ತಾಗಿಯೂ ತಾಗದ ಹಾಗೆ ಸವರಿಕೊಂಡು ಹೋದದ್ದು, ಮುಂದಿದ್ದವನು ಒಂದೇ ಒಂದು ಕ್ಷಣ ಥ್ರಾಟಲ್ ಸಡಿಲಿಸಿದ್ದು. ಕಾಮೆಂಟರಿಯಲ್ಲಿ ಕೆಲ್ವಿನ್ ಟೇಟಮ್. ಒಂದು ಕಾಲಕ್ಕೆ ಕವೆಂಟ್ರಿಗೆ ಓಡಿದವನು, 1986ರ ವಿಶ್ವ ಫೈನಲ್‌ನಲ್ಲಿ ಮೂರನೆಯವನು. ಆ ಭುಜ ಯಾಕೆ ವಾಲಿತು ಎಂದು ಅವನು ಬಿಡಿಸಿ ಹೇಳಿದ. ಅಜ್ಜ ಪೆನ್ನು ಕೆಳಗಿಟ್ಟರು. "ಹುಡುಗನಾಗಿದ್ದಾಗಿನಿಂದ ನೋಡ್ತಿದೀನಿ," ಅಂದರು, "ಇದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ." ಟ್ರ್ಯಾಕಿನಲ್ಲಿ ಅದು ಕಾಣುವುದಿಲ್ಲ, ನಿಜ. ಅಲ್ಲಿ ಮುಖಕ್ಕೆ ಮಣ್ಣು ಸಿಡಿಯುತ್ತದೆ, ಯಾರೋ ಕಿರುಚುತ್ತಾರೆ, ಎಲ್ಲ ಮುಗಿದಿರುತ್ತದೆ. ಮುಂದಿನ ವರ್ಷ ಮತ್ತೆ ಟ್ರ್ಯಾಕಿಗೆ ಬಂದಾಗ ಅವರು ನಿಲ್ಲುವ ಜಾಗ ಬದಲಾಗಿತ್ತು. ಮೂರನೇ ತಿರುವಿನ ಹತ್ತಿರ, ಭುಜ ಕಾಣುವ ಕಡೆ. ಟಿವಿ ಪ್ರೇಕ್ಷಕನನ್ನು ಕದಿಯುತ್ತದೆ ಎಂಬ ಮಾತು ಇವರ ವಿಷಯದಲ್ಲಂತೂ ಸುಳ್ಳು.

2023ರ ಕೊನೆಗೆ ನಮ್ಮ ಮಾನ್ಮೋರ್ ಗ್ರೀನ್‌ನಲ್ಲಿ ಸ್ಪೀಡ್‌ವೇ ನಿಂತಿತು. 1928ರಿಂದ ನಿಲ್ಲುತ್ತ, ಮತ್ತೆ ಶುರುವಾಗುತ್ತ ಬಂದ ಟ್ರ್ಯಾಕು. ಸ್ಟೇಡಿಯಂ ಒಂದು ಬೆಟ್ಟಿಂಗ್ ಕಂಪನಿಯದ್ದು, ಅದಕ್ಕೆ ನಾಯಿ ಓಟದ ದಿನಗಳು ಹೆಚ್ಚು ಬೇಕಿದ್ದವು. ಈ ದೇಶದ ನಾಯಿ ಓಟಗಳಲ್ಲಿ ಎಷ್ಟೋ ನಡೆಯುವುದು ಹತ್ತಿಪ್ಪತ್ತು ಜನರ ಮುಂದೆ. ಅವುಗಳ ನಿಜವಾದ ಪ್ರೇಕ್ಷಕ ಬೆಟ್ಟಿಂಗ್ ಅಂಗಡಿಯ ಗೋಡೆಯ ಪರದೆಯ ಮುಂದೆ ಚೀಟಿ ಹಿಡಿದು ನಿಂತವನು. ಅಂದರೆ ನಮ್ಮ ಸೋಮವಾರವನ್ನು ಕೊನೆಗೆ ನುಂಗಿದ್ದೂ ಒಂದು ಕ್ಯಾಮೆರಾವೇ, ಆದರೆ ನಾವು ಇಷ್ಟು ವರ್ಷ ಬೈಯುತ್ತಿದ್ದದ್ದು ಅದನ್ನಲ್ಲ. ಸ್ಪೀಡ್‌ವೇ ಕ್ಯಾಮೆರಾಕ್ಕೆ ಕನಿಷ್ಠ ಗೇಟಿನಲ್ಲಿ ಜನ ಬೇಕಿತ್ತು, ಕಿರುಚುವ ಸದ್ದು ಬೇಕಿತ್ತು. ಈ ಕ್ಯಾಮೆರಾಕ್ಕೆ ಅದೂ ಬೇಡ.

ಈಗ ಅಜ್ಜನಿಗೆ ಪರದೆಯೇ ಗತಿ, ಮನಸ್ಸಾದಾಗ ನನ್ನ ಕಾರಿನಲ್ಲಿ ಲೆಸ್ಟರಿನ ಟ್ರ್ಯಾಕು. ಕ್ಲಬ್ಬುಗಳು ತಾವೇ ಇಂಟರ್‌ನೆಟ್ಟಿನಲ್ಲಿ ದುಡ್ಡು ತೆಗೆದುಕೊಂಡು ಪಂದ್ಯ ತೋರಿಸುವ ವ್ಯವಸ್ಥೆಯೂ ಬಂದಿದೆ. ಅದು ನನಗೆ ಹಿಡಿಸಿದೆ, ಯಾಕೆಂದರೆ ಅಲ್ಲಿ ಊರಿನ ವಾರಕ್ಕೆ ತಕ್ಕಂತೆ ಕ್ಯಾಮೆರಾ ಬರುತ್ತದೆ, ಕ್ಯಾಮೆರಾಕ್ಕೆ ತಕ್ಕಂತೆ ವಾರ ಬದಲಾಗುವುದಿಲ್ಲ. ಮೊನ್ನೆ ಲೆಸ್ಟರಿಗೆ ಹೋಗುವ ದಾರಿಯಲ್ಲಿ ನನ್ನ ಯೋಜನೆಯನ್ನೆಲ್ಲ ಅವರ ಮುಂದೆ ಹರವಿದೆ. ಮುಂದಿನ ಟಿವಿ ಒಪ್ಪಂದದಲ್ಲಿ ಊರಿನ ವಾರವನ್ನು ಮುಟ್ಟಬಾರದೆಂದು ಬರೆಸಬೇಕು, ಬಂದ ದುಡ್ಡಿನಲ್ಲಿ ಇಷ್ಟು ಭಾಗ ಜಾಗ ಕೊಳ್ಳಲೆಂದೇ ತೆಗೆದಿಡಬೇಕು, ವಾರಕ್ಕೊಂದು ಅರ್ಧ ಗಂಟೆಯ ಮುಖ್ಯಾಂಶವನ್ನು ಉಚಿತ ಚಾನೆಲ್ಲಿಗೆ ಕೊಡಬೇಕು. ಅಜ್ಜ ಕಿಟಕಿಯಾಚೆ ನೋಡುತ್ತಲೇ ಪೂರ್ತಿ ಕೇಳಿಸಿಕೊಂಡರು. ಹೋದ ಸಲ ನಾವಿಬ್ಬರೂ ಹೋಗಿದ್ದ ಪಂದ್ಯದಲ್ಲಿ ಟ್ರ್ಯಾಕ್ ಕಲ್ಲಿನಂತೆ ಒಣಗಿ, ಹದಿನೈದು ಹೀಟಿನಲ್ಲಿ ಟೇಪಿನಿಂದ ಮೊದಲು ಹೊರಟವನನ್ನು ಯಾರೂ ದಾಟಲಾಗಿರಲಿಲ್ಲ.

"ಅದೆಲ್ಲ ಆಮೇಲೆ ಬರೆಸೋಣ," ಅಂದರು. "ಮೊದಲು ಟ್ರ್ಯಾಕಿಗೆ ಸರಿಯಾಗಿ ನೀರು ಹೊಡೀಲಿ."